ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೊಡೆದುಹಾಕು, ಪುಟ್ಟಿ

ಪುಟ್ಟಿ, ನೀನು ಕಳಿಸಿದ ಪಟ್ಟಿ ಓದಿದೆ. ರಂಗನತಿಟ್ಟು, ಗುಂಬಜ್, ದರಿಯಾ ದೌಲತ್, ನಿಮಿಷಾಂಬ, ಕರಿಘಟ್ಟ, ಕನ್ನಂಬಾಡಿ ಕಟ್ಟೆ, ಬಲಮುರಿ, ಕುಂತಿಬೆಟ್ಟ, ತೊಣ್ಣೂರು ಕೆರೆ, ಮೇಲುಕೋಟೆ, ಕಲ್ಲಹಳ್ಳಿಯ ಭೂವರಾಹ, ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ನಾಗಮಂಗಲ, ಕಂಬದಹಳ್ಳಿ, ಆದಿಚುಂಚನಗಿರಿ. ಕೊನೆಗೆ, ‘ಟೈಮ್ ಉಳಿದರೆ ಸೋಮನಾಥಪುರ’ ಅಂತ ಬೇರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಬೆಂಗಳೂರಿಗೇ ವಾಪಸು. ಇದು ಪ್ರವಾಸವಲ್ಲ ಕಣವ್ವ, ಜನಗಣತಿ.

ಇದು ನಿನ್ನ ತಲೆಗೆ ಹೇಗೆ ಬಂತೆಂದು ನಿಮ್ಮಪ್ಪ ಹೇಳಿದ. ಹೋದ ವರ್ಷ ನೀವು ಇಟಲಿಯ ರಿಮಿನಿಯಲ್ಲಿ ಬಸ್ಸು ಹತ್ತಿ, ಸಾನ್ ಮರಿನೊ ಎಂಬ ಇಡೀ ದೇಶವನ್ನೇ ನೋಡಿಕೊಂಡು, ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ಮೊಹರು ಹಾಕಿಸಿಕೊಂಡು, ಸಂಜೆಗೆ ತಿರುಗಿ ಬಂದಿರಂತೆ. ಒಂದು ದೇಶ ಒಂದು ದಿನದಲ್ಲಿ ಮುಗಿಯುವುದಾದರೆ ನಾಲ್ಕು ತಾಲ್ಲೂಕು ಯಾಕಾಗಲ್ಲ ದೊಡ್ಡಪ್ಪ, ಅನ್ನುವುದು ನಿನ್ನ ವಾದ.

ಆಗಲ್ಲ. ಆ ದೇಶದ ಬಗ್ಗೆ ನಾನೂ ಓದಿ ನೋಡಿದೆ. ಒಟ್ಟು 61 ಚದರ ಕಿಲೋಮೀಟರ್. ನೋಡಬೇಕಾದ್ದೆಲ್ಲ ಟಿಟಾನೊ ಅನ್ನುವ ಒಂದೇ ಬೆಟ್ಟದ ನೆತ್ತಿಯ ಮೇಲಿದೆ. ಮೂರು ಕೋಟೆ ಗೋಪುರಗಳೂ ಒಂದೇ ಸಾಲಿನಲ್ಲಿ ನಿಂತಿವೆ, ಅವನ್ನು ನಡೆದೇ ಮುಗಿಸಬಹುದು. ಇಲ್ಲಿ ನಾಗಮಂಗಲ ತಾಲ್ಲೂಕು ಒಂದರೊಳಗೇ ಹತ್ತಕ್ಕೂ ಹೆಚ್ಚು ಸಾನ್ ಮರಿನೊ ಕೂರುತ್ತವೆ. ಅದೂ ಹೋಗಲಿ, ದೂರವನ್ನು ಕಾರು ಹೇಗೋ ನುಂಗುತ್ತದೆ. ಕಷ್ಟ ಇರುವುದು ಕಾಲದ್ದು. ಗಂಗರದ್ದು ಒಂದು ಮೂಲೆ, ಹೊಯ್ಸಳರದ್ದು ಇನ್ನೊಂದು, ವಿಜಯನಗರದವರದ್ದು ಅದರ ಮೇಲೆ ಕಟ್ಟಿದ್ದು, ಆಮೇಲೆ ಒಡೆಯರು, ಹೈದರ್, ಟಿಪ್ಪು, ಕೊನೆಗೆ ಇಂಗ್ಲಿಷರು. ಒಂದೊಂದು ಕಡೆ ಕಾರಿಳಿದಾಗಲೂ ತಲೆಯೊಳಗಿನ ಶತಮಾನ ಬದಲಾಯಿಸಿಕೊಳ್ಳಬೇಕು. ಹದಿನೇಳು ಸಲ ಇಳಿದು ಹತ್ತಿದರೆ ಮಕ್ಕಳಿಗೆ ನೆನಪಿರುವುದು ಕಾರಿನ ಬಾಗಿಲು ಮಾತ್ರ.

ಹಾಗಂತ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ನಾಲ್ಕು ತಾಲ್ಲೂಕೂ ಒಂದೇ ದಿನ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು ಅಂತ ಹಟ ಹಿಡಿದಿದ್ದೀಯ, ಸರಿ. ತಾಲ್ಲೂಕಿಗೆ ಒಂದು ಕಡೆ, ಶ್ರೀರಂಗಪಟ್ಟಣಕ್ಕೆ ಮಾತ್ರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ. ಮಿಕ್ಕಿದ್ದನ್ನೆಲ್ಲ ಹೊಡೆದುಹಾಕು.

ಮೊದಲು ಒಂದು ವಿಷಯ ತಿಳಿದುಕೋ. ನಮ್ಮ ಕಡೆ ದಿನದ ಲೆಕ್ಕ ಹಾಕಬೇಕಾದ್ದು ಕಿಲೋಮೀಟರಿನಲ್ಲಲ್ಲ, ಬಾಗಿಲಿನಲ್ಲಿ. ಪೂಜೆ ನಡೆಯುವ ದೇವಸ್ಥಾನಗಳು ಸಾಮಾನ್ಯವಾಗಿ ಮಧ್ಯಾಹ್ನ ಒಂದರ ಆಸುಪಾಸಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆ ನಾಲ್ಕರ ಮೇಲೆ. ಪುರಾತತ್ವ ಇಲಾಖೆಯವರ ದರಿಯಾ ದೌಲತ್ತಿನಂಥ ಜಾಗಕ್ಕೆ ಈ ಮಧ್ಯಾಹ್ನದ ನಿದ್ದೆ ಇಲ್ಲ, ಆದರೆ ಸಂಜೆಯಾಗುತ್ತಲೇ ಅಲ್ಲಿ ಟಿಕೆಟ್ ನಿಲ್ಲಿಸಿಬಿಡುತ್ತಾರೆ. ಕೋಟೆ, ನದಿ, ಕೆರೆ, ಬಂಡೆ ಇವಕ್ಕೆ ಬಾಗಿಲೇ ಇಲ್ಲ. ಹೊರಗಿನಿಂದ ಬಂದವರು ಬೆಳಗಿನ ತಂಪಿನಲ್ಲಿ ಕೋಟೆ ಸುತ್ತಿ, ದರಿಯಾ ದೌಲತ್ ನೋಡಿ, ತಿಂಡಿ ತಿಂದು, ಆರಾಮಾಗಿ ಹನ್ನೆರಡೂಮುಕ್ಕಾಲಿಗೆ ದೇವಸ್ಥಾನದ ಮುಂದೆ ನಿಂತುಕೊಳ್ಳುತ್ತಾರೆ. ಆಮೇಲೆ ಮೂರು ಗಂಟೆ ಕಾಲ ಎಳನೀರು ಕುಡಿಯುತ್ತಾ ಕೂರುತ್ತಾರೆ. ಇದನ್ನು ತಿರುಗಿಸಿಬಿಡು. ಬೆಳಿಗ್ಗೆ ದೇವಸ್ಥಾನ, ನಡುಹೊತ್ತು ರಸ್ತೆ ಮತ್ತು ಊಟ, ಮಧ್ಯಾಹ್ನ ಅರಮನೆ ಗೋರಿ, ಸಂಜೆ ಮತ್ತೆ ದೇವಸ್ಥಾನ, ಕಡೆಗೆ ಕೋಟೆ.

ನೀನು ಬರುತ್ತಿರುವುದು ಡಿಸೆಂಬರಿನಲ್ಲಿ. ತಿಂಗಳ ನಡುವಿನಿಂದ ಧನುರ್ಮಾಸ. ಬೆಳಕು ಹರಿಯುವ ಮೊದಲೇ ಪೂಜೆ ಶುರುವಾಗುತ್ತದೆ, ಹೊತ್ತುಗಳು ಹಿಂದೆಮುಂದೆ ಆಗುತ್ತವೆ. ಹಿಂದಿನ ದಿನ ಯಾರನ್ನಾದರೂ ಕೇಳಿಕೊಂಡು ಹೊರಡಬೇಕು, ಫೋನಿನ ನಕ್ಷೆಯಲ್ಲಿ ತೋರಿಸುವ ಸಮಯ ನಂಬಿಕೊಂಡಲ್ಲ. ವೈಕುಂಠ ಏಕಾದಶಿ ಯಾವತ್ತು ಬಿದ್ದಿದೆ ಅಂತ ಪಂಚಾಂಗ ನೋಡು. ಆ ದಿನ ಶ್ರೀರಂಗಪಟ್ಟಣದ ರಂಗನಾಥನ ಮುಂದೆ ಗಂಟೆಗಟ್ಟಲೆ ಸಾಲು. ಹನುಮ ಜಯಂತಿಯ ಸುತ್ತ ಮೆರವಣಿಗೆ, ಪೊಲೀಸ್ ಬಂದೋಬಸ್ತು, ರಸ್ತೆ ತಿರುವು ಇರುತ್ತದೆ. ಡಿಸೆಂಬರ್ 31, ಜನವರಿ 1 ಅಂತೂ ಬೇಡವೇ ಬೇಡ. ನಡುವಾರದ ಒಂದು ದಿನ ಹಿಡಿದುಕೋ.

ಈಗ ದಾರಿ. ಎಲ್ಲರೂ ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ನೇರ ಪಟ್ಟಣಕ್ಕೆ ಬರುತ್ತಾರೆ. ನೀನು ಹಾಗೆ ಬರಬೇಡ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ಮೇಲೆ ನಾಗಮಂಗಲಕ್ಕೆ ಬಾ. ಅಲ್ಲಿಂದ ಕೆ.ಆರ್. ಪೇಟೆ, ಅಲ್ಲಿಂದ ಪಾಂಡವಪುರ, ಅಲ್ಲಿಂದ ಪಟ್ಟಣ. ಹಿಂದಿರುಗುವಾಗ ಬೇಕಾದರೆ ಎಕ್ಸ್‌ಪ್ರೆಸ್‌ವೇಗೆ ಹತ್ತಿಕೋ. ಒಂದೇ ದಾರಿಯನ್ನು ಎರಡು ಸಲ ತುಳಿಯುವುದು ತಪ್ಪುತ್ತದೆ, ಬಾಗಿಲುಗಳೂ ತಾವಾಗಿ ಹೊಂದಿಕೊಳ್ಳುತ್ತವೆ. ಐದೂವರೆಗೆ ಬೆಂಗಳೂರು ಬಿಟ್ಟರೆ ಎಂಟರ ಹೊತ್ತಿಗೆ ನಾಗಮಂಗಲ. ಬೆಳ್ಳೂರು ದಾಟುವಾಗ ಅಳಿಯಂದಿರಿಗೆ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ಈ ಊರಿನದು ಅಂತ ಹೇಳು. ಕಾರು ನಿಲ್ಲಿಸಬೇಕಾಗಿಲ್ಲ.

ನಾಗಮಂಗಲದಲ್ಲಿ ಸೌಮ್ಯಕೇಶವ. ಹೊಯ್ಸಳರ ದೇವಸ್ಥಾನ ಅಂದ ಕೂಡಲೇ ಗೋಡೆ ತುಂಬ ಮದನಿಕೆಯರು ಅಂತ ಅಳಿಯಂದಿರಿಗೆ ಆಸೆ ಹುಟ್ಟಿಸಬೇಡ. ಇಲ್ಲಿ ಹೊರಗೋಡೆ ಸಾದಾ. ಮುಂದಿನ ದೊಡ್ಡ ಗೋಪುರ ಆಮೇಲಿನ ವಿಜಯನಗರದ ಕಾಲದ್ದು. ಒಳಗೆ ಮೂರು ಗರ್ಭಗುಡಿಯ ತ್ರಿಕೂಟ, ಶಾಂತವಾದ ಕೇಶವ. ನನಗಂತೂ ಈ ಸಾದಾತನವೇ ಇಷ್ಟ. ಬೆಳಗಿನ ಹೊತ್ತು ಯಾರೂ ತಳ್ಳಾಡುವುದಿಲ್ಲ, ಮಂಗಳಾರತಿ ತಟ್ಟೆ ನಿನ್ನ ಹತ್ತಿರ ತಾನೇ ಬರುತ್ತದೆ. ವಿಷ್ಣುವರ್ಧನನ ರಾಣಿ ಬೊಮ್ಮಲದೇವಿಯ ಕಾಲದಿಂದಲೂ ಹೆಸರಿದ್ದ ಊರು ಇದು. ಕಂಚು ಹಿತ್ತಾಳೆಯ ಎರಕಕ್ಕೂ ಹೆಸರುವಾಸಿ.

ಆದರೆ ಈ ಊರಿನಿಂದ ದಿನ ಶುರು ಮಾಡು ಅಂತ ನಾನು ಹೇಳುವುದಕ್ಕೆ ಕಾರಣ ಬೇರೆ. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಎಂಬ ಹೆಬ್ಬಾರ, ವಿಜಯನಗರದ ಅರಸನಿಂದ ದಣ್ಣಾಯಕ ಪದವಿಯನ್ನೂ ಕೋಟೆ ಕಟ್ಟುವ ಅಪ್ಪಣೆಯನ್ನೂ ಪಡೆದು ಶ್ರೀರಂಗಪಟ್ಟಣದ ಕೋಟೆ ಕಟ್ಟಿಸಿದ, ರಂಗನಾಥನ ಗುಡಿಯನ್ನು ಹಿಗ್ಗಿಸಿದ ಅನ್ನುತ್ತಾರೆ. ಹೂತಿಟ್ಟ ನಿಧಿಯೊಂದು ಸಿಕ್ಕಿ ಅದರಿಂದ ಖರ್ಚು ನಡೆಸಿದನಂತೆ. ಗುಡಿ ಹಿಗ್ಗಿಸುವ ಕಲ್ಲಿಗೆ ಕಳಸವಾಡಿಯ ನೂರೊಂದು ಬಸದಿಗಳನ್ನು ಕೆಡವಿಸಿದ ಎಂಬ ಮಾತೂ ಗೆಜೆಟಿಯರಿನಲ್ಲಿ ದಾಖಲಾಗಿದೆ. ಹೇಳುವವರು ನಿಧಿಯ ಕಥೆ ಹೇಳಿ ಬಸದಿಯ ಕಥೆ ಬಿಟ್ಟುಬಿಡುತ್ತಾರೆ. ನೀನು ಮಕ್ಕಳಿಗೆ ಎರಡನ್ನೂ ಹೇಳು. ಸಂಜೆ ಪಟ್ಟಣದ ಕೋಟೆ ಎದುರು ನಿಂತಾಗ, ಇದರ ಮೊದಲ ಕಲ್ಲಿಡಿಸಿದವನ ಊರಿನಲ್ಲೇ ಬೆಳಿಗ್ಗೆ ತಿಂಡಿ ತಿಂದದ್ದು ಅಂತ ಅವರಿಗೆ ಹೊಳೆಯಲಿ.

ಕಂಬದಹಳ್ಳಿಯನ್ನು ಹೊಡೆದುಹಾಕಿದ್ದಕ್ಕೆ ಬೇಜಾರಾಗಬೇಡ. ಗಂಗರ ಕಾಲದ ಆ ಪಂಚಕೂಟ ಬಸದಿ, ಮುಂದಿನ ಬ್ರಹ್ಮದೇವರ ಕಂಬ, ಎರಡೂ ನೋಡಲೇಬೇಕಾದ್ದು ನಿಜ. ಆದರೆ ಅದು ಶ್ರವಣಬೆಳಗೊಳದ ಜತೆ ಹೋಗುವ ಜಾಗ. ಬೆಳಗೊಳಕ್ಕೆ ಹೋದ ದಿನ ನೋಡು. ಆದಿಚುಂಚನಗಿರಿಯೂ ಹಾಗೆಯೇ. ಬೆಟ್ಟ ಹತ್ತಿ, ಭೈರವನಿಗೆ ಕೈಮುಗಿದು, ಮಠದಲ್ಲಿ ಊಟ ಮಾಡಿ, ನವಿಲು ಹುಡುಕಿಕೊಂಡು ಓಡಾಡುವುದಕ್ಕೆ ಅರ್ಧ ದಿನ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿದರೆ ಹೋದ ಹಾಗಲ್ಲ.

ಒಂಬತ್ತಕ್ಕೆ ನಾಗಮಂಗಲ ಬಿಟ್ಟರೆ ಹತ್ತೂಕಾಲರೊಳಗೆ ಕೆ.ಆರ್. ಪೇಟೆ. ನಮ್ಮ ಹಿರಿಯರು ಅತ್ತಿಕುಪ್ಪೆ ಅನ್ನುತ್ತಿದ್ದ ಊರು. ಪೇಟೆಯೊಳಗೆ ಸಿಕ್ಕಿಹಾಕಿಕೊಳ್ಳದೆ ನೇರ ಹೊಸಹೊಳಲಿಗೆ ಹೋಗು, ಎರಡು ಮೂರು ಕಿಲೋಮೀಟರ್ ಅಷ್ಟೆ. ಇಡೀ ದಿನದಲ್ಲಿ ನಿಧಾನ ಮಾಡಬೇಕಾದ ಎರಡು ಜಾಗಗಳಲ್ಲಿ ಇದು ಒಂದು. ಹದಿಮೂರನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯ. 2023ರಲ್ಲಿ ಯುನೆಸ್ಕೊದವರು ಬೇಲೂರು, ಹಳೇಬೀಡು, ಸೋಮನಾಥಪುರವನ್ನು ಪಟ್ಟಿಗೆ ಸೇರಿಸಿಕೊಂಡರಲ್ಲ, ಅದರ ಮೇಲೆ ಆ ಮೂರೂ ಕಡೆ ಜನ ಇನ್ನೂ ಜಾಸ್ತಿ. ಹೊಸಹೊಳಲಿಗೆ ಆ ಭಾಗ್ಯ ಬರಲಿಲ್ಲ. ಪುಣ್ಯ. ಸುತ್ತ ಊರಿನ ಮನೆಗಳು, ಕಟ್ಟೆ ಮೇಲೆ ಕೂತ ಮುದುಕರು, ನಡುವೆ ನಕ್ಷತ್ರದ ಜಗತಿಯ ಮೇಲೆ ಇದು.

ಇದನ್ನು ನೋಡುವ ರೀತಿ ಹೇಳುತ್ತೇನೆ ಕೇಳು. ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ಬಾ, ಬಲಕ್ಕೆ ಪ್ರದಕ್ಷಿಣೆಯಾಗಿ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ತಳದಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕಥೆಗಳು, ಆಮೇಲೆ ಮಕರ, ಹಂಸ. ದೊಡ್ಡವರಿಗೆ ಬಗ್ಗಿ ನೋಡಬೇಕು, ಮಕ್ಕಳಿಗೆ ಅದು ಕಣ್ಣಿನ ಮಟ್ಟಕ್ಕೇ ಇರುತ್ತದೆ. ಚಿಕ್ಕವನಿಗೆ ಆನೆ ಸಾಲು ಕೊಟ್ಟುಬಿಡು, ಒಂದರ ಹಾಗೆ ಇನ್ನೊಂದಿದೆಯಾ ಹುಡುಕಲಿ. ದೊಡ್ಡವಳಿಗೆ ಕಥೆ ಸಾಲು. ರಾಮಾಯಣ, ಭಾರತ, ಭಾಗವತ ಮೂರೂ ಇವೆ. ಅವಳಿಗೆ ಕಥೆ ಗೊತ್ತಿಲ್ಲದಿದ್ದರೆ ತಪ್ಪು ನಿನ್ನದು, ಡಿಸೆಂಬರಿನೊಳಗೆ ಹೇಳಿ ಮುಗಿಸು. ಆಮೇಲೆ ಒಳಗೆ ಹೋಗಿ ನವರಂಗದ ಕಂಬಗಳ ಹೊಳಪು ನೋಡಿ. ಕಲ್ಲು ಬಿಸಿಲಿಗೆ ಕಾಯುವ ಮೊದಲೇ ಈ ಸುತ್ತು ಮುಗಿಯಬೇಕು. ಹನ್ನೊಂದೂವರೆ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಒಂದೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಬಾಗಿಲು ಹಾಕಿದ್ದರೆ ಕಟ್ಟೆ ಮೇಲಿನ ಮುದುಕರನ್ನೇ ಕೇಳು. ಬೀಗದ ಕೈ ಯಾರ ಹತ್ತಿರ ಇದೆ, ಅವರು ಈಗ ಗದ್ದೆಯಲ್ಲಿದ್ದಾರೋ ಮನೆಯಲ್ಲಿದ್ದಾರೋ, ಎಲ್ಲ ಅವರಿಗೆ ಗೊತ್ತಿರುತ್ತದೆ. ಕಾಯಿಸಿದರೆ ಕಾದುಕೋ, ಗಡಿಯಾರ ತೋರಿಸಿ ಮಾತಾಡಬೇಡ. ಫೋಟೊ ಬೇಡ ಅಂದರೆ ಬೇಡ.

ಕಿಕ್ಕೇರಿ, ಗೋವಿಂದನಹಳ್ಳಿಗಳು ಕೆ.ಆರ್. ಪೇಟೆಯಿಂದ ಆಚೆ, ಚನ್ನರಾಯಪಟ್ಟಣದ ದಿಕ್ಕಿಗಿವೆ. ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ ಗುಡಿ ಇದೆ, ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ್ದು. ಗೋವಿಂದನಹಳ್ಳಿಯಲ್ಲಿ ಐದು ಲಿಂಗಗಳ ಐದು ಗರ್ಭಗುಡಿ ಒಂದೇ ಸಾಲಿಗೆ. ಅಳಿಯಂದಿರಿಗೆ ಶಿಲ್ಪದ ಹುಚ್ಚು ಅಂತ ಕೇಳಿದ್ದೇನೆ. ಅವರು ಪಟ್ಟು ಹಿಡಿದರೆ ನಾಗಮಂಗಲದ ಜತೆ ಪಟ್ಟಣವನ್ನೂ ಬಿಟ್ಟು ಇಡೀ ದಿನ ಇತ್ತಲೇ ಕಳೆಯಿರಿ, ನಾನು ಬೇಡ ಅನ್ನುವುದಿಲ್ಲ. ನಿನ್ನ ಮಟ್ಟಿಗೆ ಕಿಕ್ಕೇರಿ ಅಂದರೆ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. ನಿಮ್ಮಮ್ಮನ ಮದುವೆಗೆ ಉಡುಗೊರೆ ಬಂದ ‘ಮೈಸೂರ ಮಲ್ಲಿಗೆ’ ಮನೆಯಲ್ಲೇ ಇರಬೇಕಲ್ಲ, ಅದನ್ನು ಕಾರಿನಲ್ಲಿ ಓದಿಕೊಂಡು ಬಾ, ಊರಿಗೆ ಹೋದಷ್ಟೇ ಆಯಿತು.

ಹೊಸಹೊಳಲಿನಿಂದ ಪಾಂಡವಪುರದ ದಾರಿ ಚಿನಕುರಳಿ ಮೇಲೆ. ಚಿನಕುರಳಿ ಬಂದಾಗ ಕಿಟಕಿ ಇಳಿಸಿ ನೋಡು. ಏನೂ ಕಾಣುವುದಿಲ್ಲ, ಕಬ್ಬಿನ ಗದ್ದೆ ಅಷ್ಟೆ. 1771ರಲ್ಲಿ ಮರಾಠರು ಹೈದರನ ಸೈನ್ಯವನ್ನು ಮುರಿದದ್ದು ಈ ಬಯಲಿನಲ್ಲೇ. ಹೈದರ್ ಇಲ್ಲಿಂದ ಜೀವ ಉಳಿಸಿಕೊಂಡು ಪಟ್ಟಣದ ಕೋಟೆ ಸೇರಿಕೊಂಡ. ನೀನೂ ಇವತ್ತು ಹಿಡಿಯುವುದು ಅದೇ ದಿಕ್ಕು. ಡಿಸೆಂಬರಿನಲ್ಲಿ ಕಬ್ಬು ಕಡಿಯುವ ಕಾಲ. ದಾರಿಯ ಪಕ್ಕ ಆಲೆಮನೆ ಹೊಗೆ ಕಂಡರೆ ಗಾಡಿ ನಿಲ್ಲಿಸು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಅಚ್ಚಿಗೆ ಸುರಿಯುವ ಬಿಸಿ ಬೆಲ್ಲ, ಇವನ್ನು ಮಕ್ಕಳು ನಿಮ್ಮ ಯೂರೋಪಿನಲ್ಲಿ ಎಲ್ಲಿ ನೋಡಬೇಕು? ಕೇಳಿದರೆ ಒಂದು ಚೂರು ಬಿಸಿ ಬೆಲ್ಲ ಕೈಗೇ ಹಾಕುತ್ತಾರೆ. ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳ ಕೈ ಹಿಡಿದುಕೊಂಡಿರು.

ಪಾಂಡವಪುರದಲ್ಲಿ ಊಟ, ನಮ್ಮ ಮನೆಯಲ್ಲಿ. ಇದರಲ್ಲಿ ಚರ್ಚೆ ಇಲ್ಲ. ಹೋಟೆಲಿನಲ್ಲಿ ಒಂದು ಗಂಟೆ ಹೋಗುತ್ತದೆ, ಇಲ್ಲೂ ಒಂದು ಗಂಟೆ ಹೋಗುತ್ತದೆ, ಆದರೆ ಇಲ್ಲಿ ಬಸ್ಸಾರು ಇರುತ್ತದೆ. ಊಟವಾದ ಮೇಲೆ ಊರ ಪಕ್ಕದ ಬಂಡೆಗಳನ್ನು ಅಳಿಯಂದಿರಿಗೆ ತೋರಿಸುತ್ತೇನೆ. ಈ ಊರಿಗೆ ಮೊದಲು ಹಿರೋಡೆ ಅಂತ ಹೆಸರಿತ್ತು. ಹೈದರ್, ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಡೇರೆ ಹಾಕಿದ್ದರಿಂದ ಇಂಗ್ಲಿಷರ ದಾಖಲೆಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ನಮ್ಮ ತಾತ ಸಾಯುವವರೆಗೂ ಹಾಗೇ ಅನ್ನುತ್ತಿದ್ದರು.

ನೀನು ಸಾನ್ ಮರಿನೊ ಹೆಸರು ಎತ್ತಿದ ಮೇಲೆ ನನಗೊಂದು ಹೊಳೆಯಿತು. 1797ರಲ್ಲಿ ನೆಪೋಲಿಯನ್ ಆ ಪುಟ್ಟ ದೇಶದ ಬಾಗಿಲಿಗೆ ದೂತನನ್ನು ಕಳಿಸಿ, ನಿಮಗೆ ಇನ್ನಷ್ಟು ನೆಲ ಕೊಡುತ್ತೇನೆ ತೆಗೆದುಕೊಳ್ಳಿ ಅಂದನಂತೆ. ಅವರು ಬೇಡ ಅಂದರು. ಇದ್ದಷ್ಟೇ ಸಾಕು ಅಂದವರು ಇವತ್ತಿಗೂ ಆರು ತಿಂಗಳಿಗೊಮ್ಮೆ ಇಬ್ಬರು ಮುಖ್ಯಸ್ಥರನ್ನು ಆರಿಸಿಕೊಂಡು ಸ್ವತಂತ್ರವಾಗಿದ್ದಾರೆ. ಅದೇ 1797ರಲ್ಲಿ ಇಲ್ಲಿ ಪಟ್ಟಣದಲ್ಲಿ ಫ್ರೆಂಚರು ತಮ್ಮ ಗಣರಾಜ್ಯದ ಬಾವುಟ ಹಾರಿಸಿ, ಸ್ವಾತಂತ್ರ್ಯದ ಮರ ನೆಟ್ಟರು ಎಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಟಿಪ್ಪುವಿಗೆ ಫ್ರಾನ್ಸಿನಿಂದ ಸೈನ್ಯ ಬರುತ್ತದೆಂಬ ನಿರೀಕ್ಷೆ. 1799ರಲ್ಲಿ ಈಜಿಪ್ಟಿನಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಸೈನ್ಯವೂ ಬರಲಿಲ್ಲ, ಕಾಗದವೂ ತಲುಪಲಿಲ್ಲ. ಒಂದು ಬೆಟ್ಟದ ಮೇಲಿನ ರಾಜ್ಯ, ಒಂದು ಹೊಳೆ ನಡುವಿನ ರಾಜಧಾನಿ. ಎರಡನ್ನೂ ಕಣ್ಣಾರೆ ಕಂಡವರು ನಮ್ಮ ವಂಶದಲ್ಲಿ ನೀನೊಬ್ಬಳೇ ಆಗುತ್ತೀಯ.

ಮೇಲುಕೋಟೆ ಕೈಬಿಟ್ಟಿದ್ದೇನೆ ಅಂತ ನಿಮ್ಮಮ್ಮ ಸಿಟ್ಟಾಗುತ್ತಾಳೆ. ಆಗಲಿ. ರಾಮಾನುಜರು ವರ್ಷಗಟ್ಟಲೆ ಉಳಿದ ಜಾಗಕ್ಕೆ ನೀನು ಮುಕ್ಕಾಲು ಗಂಟೆ ಕೊಡುತ್ತೇನೆ ಅಂದರೆ ನನಗೆ ಒಪ್ಪಿಗೆಯಿಲ್ಲ. ಚೆಲುವನಾರಾಯಣನ ದರ್ಶನ, ಬೆಟ್ಟದ ಮೇಲೆ ಯೋಗನರಸಿಂಹ, ಕಲ್ಯಾಣಿ, ಅಕ್ಕತಂಗಿ ಕೊಳ, ಮುಗಿಯದೇ ನಿಂತ ರಾಯಗೋಪುರ, ಪು.ತಿ.ನ. ಅವರ ಮನೆ, ಬೀದಿಯ ಪುಳಿಯೋಗರೆ. ಅಲ್ಲಿಗೆ ಒಂದು ಸಂಜೆ ಮತ್ತು ಮರುದಿನದ ಬೆಳಗ್ಗೆ ಬೇಕು. ವೈರಮುಡಿಗೆ ಬಾ ಅನ್ನೋಣವೆಂದರೆ ಅದು ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುತ್ತದೆ, ನಿಮ್ಮ ಮಕ್ಕಳಿಗೆ ರಜೆ ಇರುವುದಿಲ್ಲ. ತೊಣ್ಣೂರು ಕೆರೆ ಬೇಕಾದರೆ ನಮ್ಮ ಮನೆಯಿಂದ ಹತ್ತಿರವೇ. ಆದರೆ ಪಟ್ಟಣದ ಮಧ್ಯಾಹ್ನದಲ್ಲಿ ಒಂದು ಗಂಟೆ ಕಡಿಯುತ್ತದೆ. ನಾನಾಗಿದ್ದರೆ ಬಿಡುತ್ತಿದ್ದೆ.

ಎರಡೂವರೆ ಒಳಗೆ ಪಟ್ಟಣ ಸೇರಿರಬೇಕು. ನಿಧಾನ ಮಾಡಬೇಕಾದ ಇನ್ನೊಂದು ಜಾಗ ಇದೇ. ಕಾವೇರಿ ಪಶ್ಚಿಮದಲ್ಲಿ ಒಡೆದು ಪೂರ್ವದಲ್ಲಿ ಸಂಗಮದ ಹತ್ತಿರ ಕೂಡುತ್ತದೆ. ನಡುವಿನ ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಒಂದೂವರೆ. ಕೋಟೆ ಪಶ್ಚಿಮದ ತುದಿಗಿದೆ, ಗಂಜಾಂ ಪೂರ್ವಕ್ಕಿದೆ. ನೀನು ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಬಾ. ಮೊದಲು ಗುಂಬಜ್. ಹೈದರನಿಗಾಗಿ ಟಿಪ್ಪು ಕಟ್ಟಿಸಿದ್ದು. ಹೈದರ್, ಅವನ ಬೇಗಂ ಫಖ್ರುನ್ನೀಸಾ, ಟಿಪ್ಪು, ಮೂವರೂ ಅಲ್ಲೇ ಇದ್ದಾರೆ. ಸುತ್ತ ಕಪ್ಪು ಕಲ್ಲಿನ ನುಣ್ಣನೆಯ ಕಂಬಗಳು. ಒಳಗೋಡೆಗೆ ಬಳಿದ ಹುಲಿಪಟ್ಟೆ ಮಕ್ಕಳಿಗೆ ಮೊದಲು ಕಾಣುತ್ತದೆ. ಸಂಗಮಕ್ಕೆ ಹೋದರೆ ದಡದಲ್ಲಿ ನಿಂತು ನೋಡಿ, ನೀರಿಗೆ ಇಳಿಯಬೇಡಿ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಎಳೆತವಿರುತ್ತದೆ. ಬಲಮುರಿಯನ್ನು ಪಟ್ಟಿಯಿಂದ ತೆಗೆಸುವುದಕ್ಕೂ ಅದೇ ಕಾರಣ.

ಆಮೇಲೆ ದರಿಯಾ ದೌಲತ್, 1784ರದ್ದು, ಬಹುಪಾಲು ತೇಗದ ಮರ. ಒಳಗಿನ ಸಾಮಾನು ನೋಡಿ ಹೊತ್ತು ಕಳೆಯಬೇಡಿ. ಪಶ್ಚಿಮದ ಹೊರಗೋಡೆಯ ಮುಂದೆ ನಿಂತುಕೊಳ್ಳಿ. 1780ರ ಪೊಳ್ಳಿಲೂರು ಕದನ ಅಲ್ಲಿ ಗೋಡೆ ತುಂಬ ಇದೆ. ಹೈದರನೂ ಟಿಪ್ಪುವೂ ಸೇರಿ ಕರ್ನಲ್ ಬೇಲಿಯ ಸೈನ್ಯವನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ದಿನ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ, ಮಕ್ಕಳಿಗೆ ಅವನನ್ನು ಹುಡುಕಲು ಹೇಳು. ಸ್ವಾರಸ್ಯ ಏನೆಂದರೆ, ಈ ಚಿತ್ರ ಮಾಸಿಹೋಗಿದ್ದಾಗ ಮತ್ತೆ ಬರೆಸಿದವರು ಇಂಗ್ಲಿಷರೇ. ಆರ್ಥರ್ ವೆಲ್ಲೆಸ್ಲಿ ಒಮ್ಮೆ, ಡಾಲ್‌ಹೌಸಿ ಇನ್ನೊಮ್ಮೆ. ತಾವು ಸೋತದ್ದನ್ನು ತಾವೇ ಬಣ್ಣ ಹಾಕಿಸಿ ಉಳಿಸಿದರು. ಗೆದ್ದವರಿಗೆ ಆ ಧಾರಾಳ ಸುಲಭ ಅನ್ನಬಹುದು, ಆದರೂ ಚಿತ್ರ ಉಳಿಯಿತಲ್ಲ.

ನಾಲ್ಕೂವರೆ ಹೊತ್ತಿಗೆ ಕೋಟೆಯೊಳಗೆ. ಬೆಂಗಳೂರು ಬಾಗಿಲಿನ ಪಕ್ಕ ಎರಡು ಮಿನಾರಿನ ಜಾಮಿಯಾ ಮಸೀದಿ, ಆಮೇಲೆ ರಂಗನಾಥ. 894ರ ಗಂಗರ ಕಾಲದ ಶಾಸನವಿರುವ ಗುಡಿ ಇದು. ತಿಮ್ಮಣ್ಣ ಹಿಗ್ಗಿಸಿದ, 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲನಿಂದ ರಾಜ ಒಡೆಯರು ಪಟ್ಟಣ ಪಡೆದರು, ಅದೇ ವರ್ಷ ಇಲ್ಲೇ ದಸರೆ ಶುರುವಾಯಿತು. ಹೈದರ್, ಟಿಪ್ಪು ಇಬ್ಬರ ಆಳ್ವಿಕೆಯಲ್ಲೂ ಇಲ್ಲಿ ಪೂಜೆ ನಿಲ್ಲಲಿಲ್ಲ. ಪಟ್ಟಣದ ವಿಷಯದಲ್ಲಿ ಈಗ ಎರಡು ಬಗೆಯ ಗೈಡುಗಳು ಸಿಗುತ್ತಾರೆ. ಒಬ್ಬ ಟಿಪ್ಪುವನ್ನು ದೇವರು ಮಾಡುತ್ತಾನೆ, ಇನ್ನೊಬ್ಬ ರಾಕ್ಷಸ ಮಾಡುತ್ತಾನೆ. ಇಬ್ಬರಿಗೂ ಒಂದೇ ದರ. ಬೇಡ, ನೀನೇ ಓದಿಕೊಂಡು ಬಾ. ಗುಡಿ, ಮಸೀದಿ, ಬೇಲಿಯ ಸೆರೆಮನೆ, ಟಿಪ್ಪುವಿನ ಹೆಣ ಸಿಕ್ಕ ಜಾಗ, ಎಲ್ಲ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಕಾರು ಒಂದು ಕಡೆ ಬಿಟ್ಟು ನಡೆಯಿರಿ. ರೈಲು ಹಳಿ ಕೋಟೆಯ ಮೈ ಸೀಳಿಕೊಂಡೇ ಹೋಗಿದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನು ಇದ್ದ ಹಾಗೇ ಎತ್ತಿ ಪಕ್ಕಕ್ಕೆ ಜರುಗಿಸಿದರು. ಅಳಿಯಂದಿರು ಎಂಜಿನಿಯರು, ಅವರಿಗೆ ಗೋಪುರಗಳಿಗಿಂತ ಅದೇ ಹಿಡಿಸುತ್ತದೆ ನೋಡು.

ಕಡೆಗೆ ಪಶ್ಚಿಮದ ಮೂಲೆಗೆ ಹೋಗಿ, ಗೋಡೆ ಒಡೆದ ಜಾಗದಲ್ಲಿ ಒಂದು ಸ್ಮಾರಕ ಕಂಬವಿದೆ. 1799ರ ಮೇ 4ರಂದು ಜನರಲ್ ಹ್ಯಾರಿಸನ ಸೈನ್ಯ ಹೊಳೆ ದಾಟಿ ಬಂದದ್ದು ಅಲ್ಲೇ. ಮೇ ಅಂದರೆ ಹೊಳೆಯಲ್ಲಿ ಬಂಡೆ ಕಾಣುವ ಕಾಲ. ಮಳೆ ಹಿಡಿದು ಹೊಳೆ ತುಂಬುವ ಮೊದಲೇ ಮುಗಿಸಬೇಕೆಂಬ ಅವಸರ ಅವರಿಗಿತ್ತು. ಇನ್ನೊಂದು ತಿಂಗಳು ತಡೆದಿದ್ದರೆ ಏನಾಗುತ್ತಿತ್ತೋ ಅಂತ ಇಲ್ಲಿನವರು ಈಗಲೂ ಕಟ್ಟೆ ಮೇಲೆ ಕೂತು ವಾದ ಮಾಡುತ್ತಾರೆ. ಡಿಸೆಂಬರಿನಲ್ಲಿ ಹೊಳೆ ಎರಡರ ನಡುವೆ ಇರುತ್ತದೆ. ಅಲ್ಲಿ ನಿಂತು, ಈ ನೀರನ್ನು ನಡೆದು ದಾಟಬಹುದಾ ಅಂತ ಮಕ್ಕಳನ್ನೇ ಕೇಳು. ರಂಗನತಿಟ್ಟಿಗೆ ಆ ದಿನ ಹೊತ್ತು ಸಿಗುವುದಿಲ್ಲ. ಹಕ್ಕಿ ನೋಡಬೇಕಾದ್ದು ಬೆಳಿಗ್ಗೆ, ಗೂಡುಗಳು ತುಂಬುವುದೂ ಜನವರಿಯ ಮೇಲೆ.

ಏಳರೊಳಗೆ ಪಟ್ಟಣ ಬಿಡಿ. ದೊಡ್ಡ ರಸ್ತೆ ಸೇರುವವರೆಗೆ ಜೋಪಾನ. ಕಬ್ಬು ತುಂಬಿದ ಟ್ರಾಕ್ಟರುಗಳಿಗೆ ಹಿಂದೆ ದೀಪ ಇರುವುದಿಲ್ಲ, ಗಾಡಿಗಿಂತ ಅಗಲಕ್ಕೆ ಕಬ್ಬು ಚಾಚಿರುತ್ತದೆ. ನಕ್ಷೆ ಹತ್ತಿರದ ದಾರಿ ಅಂತ ನಾಲೆ ಏರಿಯ ಮೇಲೆ ಕರೆದರೆ ಹೋಗಬೇಡಿ, ಹಗಲಲ್ಲೂ ಬೇಡ. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು, ಅದೂ ಹಾಡಹಗಲಿನಲ್ಲಿ. ಅಳಿಯಂದಿರು ಯೂರೋಪಿನಲ್ಲಿ ಬಲಗಡೆ ಓಡಿಸಿ ಅಭ್ಯಾಸವಾದವರು. ಇಲ್ಲಿಯ ರಸ್ತೆಗೆ ಇಲ್ಲಿಯ ಡ್ರೈವರನ್ನೇ ಗೊತ್ತುಮಾಡು, ಅವನಿಗೂ ಊಟ ನಮ್ಮ ಮನೆಯಲ್ಲೇ.

ದಿನಾಂಕ ಗೊತ್ತಾದ ಕೂಡಲೇ ತಿಳಿಸು. ನಿಮ್ಮ ದೊಡ್ಡಮ್ಮ ಕೇಳುತ್ತಿದ್ದಾಳೆ: ಮುದ್ದೆ ನುಂಗುವವರು ಎಷ್ಟು ಜನ, ಅನ್ನವೇ ಬೇಕು ಅನ್ನುವವರು ಎಷ್ಟು?